ಬೂದೆಮ್ಮನ ಸೊಸೆಯ ಕೆಲಸ

ಸೊಸೆ ಆಸ್ಪತ್ರೆಯಲ್ಲಿ ನಿಜವಾಗಿ ಏನು ಕೆಲಸ ಮಾಡುತ್ತಾಳೆ ಎಂಬುದು ಬೂದೆಮ್ಮನಿಗೆ ಗೊತ್ತಾದದ್ದು ನೆರೆಮನೆಯ ಇಮಾಮ್ ಬೀಯಿಂದ. ಶಕ್ತಿನಗರದಲ್ಲಿ ಕರೆಂಟು ತಯಾರಾಗತೊಡಗಿದ ಮರುವರ್ಷದ ಮಾತು. ರಾಯಚೂರಿನ ಬೇರೂನ್ ಕಿಲ್ಲಾದ ಆ ಓಣಿಯಲ್ಲಿ ಎರಡೂ ಮನೆಗಳ ಮಾಳಿಗೆ ಒಂದಕ್ಕೊಂದು ತಾಗಿಕೊಂಡಿದ್ದವು. ಬೂದೆಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಾಗ ಇಮಾಮ್ ಬೀ ಗೋಡೆಗೆ ಆತು ನಿಂತು ಎರಡೂ ಕೈ ಎತ್ತಿ ಹರಸಿದಳು.

"ನಿನ್ನ ಸೊಸಿ ಹೊಟ್ಟಿ ತಣ್ಣಗಿರ್ಲಿ ಬೂದೆಮ್ಮ. ಏಳು ಹಡದ ಮ್ಯಾಲೆ ನನಗ ನಮಾಜಿಗೆ ನಿಂದ್ರಾಕ ಆಗ್ತಿದ್ದಿಲ್ಲ. ಬಗ್ಗಿದ್ರ ಹನಿ, ಕೆಮ್ಮಿದ್ರ ಹನಿ. ಮತ್ತ ಮತ್ತ ಎದ್ದು ಕೈಕಾಲು ಮುಖ ತೊಳದು ವಜೂ ಮಾಡಬೇಕು. ಈಗ ನೋಡು, ಐದೂ ಹೊತ್ತು ನಿಂದ್ರ್ತೀನಿ."

"ಅದಕ್ಕ ನನ್ನ ಸೊಸಿ ಏನು ಮಾಡಿದ್ಲು?"

"ಪರದೆ ಎಳದು ಮಲಗಸ್ತಾಳ. ಕೈಗೆ ರಬ್ಬರ್ ಚೀಲ ಹಾಕ್ಕೊಂಡು ಒಳಗ ಬೆರಳಿಟ್ಟು ನೋಡ್ತಾಳ. ಇಲ್ಲಿ ಬಿಗಿ ಹಿಡಿ ಬೂಬಮ್ಮ, ಈಗ ಬಿಡು ಅಂತ ನನಗ ಕಲಿಸ್ತಾಳ. ಹಡದವ್ವ ಸೈತ ಹಂಗ ಮಾಡಂಗಿಲ್ಲ!"

ಇಮಾಮ್ ಬೀಗೆ ಸಂತೋಷವನ್ನು ಮೆಲ್ಲಗೆ ಹೇಳಲು ಬರುತ್ತಿರಲಿಲ್ಲ. ಆಚೆಯ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸರಿಬ್ಬರು ಕೈಕೆಲಸ ನಿಲ್ಲಿಸಿ ಇತ್ತ ತಿರುಗಿದರು. ಬೂದೆಮ್ಮ ಹರವುವುದನ್ನು ಅರ್ಧಕ್ಕೇ ಬಿಟ್ಟು ಕೆಳಗಿಳಿದು ಬಂದಳು.

ಸೊಸೆ ಕರೆಮ್ಮ ಮಾನ್ವಿಯ ಕಂಪೌಂಡರೊಬ್ಬರ ಮಗಳು. ಬೆಂಗಳೂರಿನಲ್ಲಿದ್ದು ಫಿಜಿಯೋಥೆರಪಿ ಕಲಿತು ಬಂದವಳು. ಮುರಿದು ಕೂಡಿದ ಕೈಕಾಲು, ಲಕ್ವಾ ಹೊಡೆದ ಮೈ, ಪೋಲಿಯೋ ಆದ ಮಕ್ಕಳ ಕಾಲು, ಇವಕ್ಕೆಲ್ಲ ವ್ಯಾಯಾಮ ಮಾಡಿಸುವ ಕೆಲಸ ಎಂದು ಬೂದೆಮ್ಮ ಬಂಧುಬಳಗಕ್ಕೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಹೆರಿಗೆ ವಾರ್ಡಿನ ಡಾಕ್ಟರಮ್ಮ ಕರೆಮ್ಮನಿಗೆ ಒಂದು ಸಣ್ಣ ಕೋಣೆ ಬಿಡಿಸಿಕೊಟ್ಟು, ಹಡೆದು ಮೈ ಸಡಿಲಾದ ಹೆಂಗಸರನ್ನು ಅಲ್ಲಿಗೆ ಕಳಿಸತೊಡಗಿದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂದು ಸಂಜೆ ಗಂಡಸರಿಬ್ಬರೂ ಉಣ್ಣಲು ಕುಳಿತಿದ್ದರು. ಮಾವ ಅಂಬಣ್ಣ ತೀನ್ ಕಂದೀಲಿನ ಹತ್ತಿರದ ತನ್ನ ಕಂಬಳಿ ಅಂಗಡಿ ಮುಚ್ಚಿ ಬಂದಿದ್ದ. ಮಗ ಕನಕರಾಯ ಶಕ್ತಿನಗರದ ಕರೆಂಟಿನ ಪ್ಲಾಂಟಿನಿಂದ ಬಂದು ಕೈಗಂಟಿದ ಗ್ರೀಸನ್ನು ತಿಕ್ಕಿ ತಿಕ್ಕಿ ತೊಳೆದಿದ್ದ. ಕರೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪುಂಡಿಪಲ್ಯ ಬಡಿಸುತ್ತಲೇ ಬೂದೆಮ್ಮ ಸುರುಮಾಡಿದಳು.

"ದವಾಖಾನ್ಯಾಗ ನೀ ಎಲ್ಲಿ ಕೈ ಹಾಕ್ತಿ ಅಂತ ಓಣಿಗೆಲ್ಲ ಗೊತ್ತದ. ನನಗೊಬ್ಬಾಕಿಗೇ ಗೊತ್ತಿದ್ದಿಲ್ಲ."

"ಎಲ್ಲಿ ಬ್ಯಾನಿ ಅದನೋ ಅಲ್ಲಿ ಹಾಕ್ತೀನ್ರಿ ಅತ್ತಿ."

"ಸೂಲಗಿತ್ತಿ ಕೆಲಸಕ್ಕ ಬೆಂಗಳೂರಿಗೆ ಹೋಗಿ ಓದಬೇಕಿತ್ತಾ?"

"ಸೂಲಗಿತ್ತಿ ಹಡಸ್ತಾಳ್ರಿ. ಹಡದ ಮ್ಯಾಲೆ ಆ ಹೆಣಮಗಳ ಗತಿ ಏನಂತ ಯಾರೂ ಕೇಳಂಗಿಲ್ಲ. ಅದನ್ನ ನಾ ಕೇಳ್ತೀನಿ."

ಕನಕರಾಯ ತಾಟಿನಿಂದ ತಲೆ ಎತ್ತಲಿಲ್ಲ. "ಪ್ಲಾಂಟಿನ್ಯಾಗ ಗೊತ್ತಾದ್ರ ನಾ ಹೆಂಗ ಮುಖ ತೋರಿಸ್ಲಿ? ಕೈಕಾಲಿನ ಕೆಲಸ ಅಷ್ಟೇ ಮಾಡು. ಇದನ್ನ ಬಿಡು."

"ಬಿಟ್ರ ಆ ಕೋಣಿಗೆ ಕೀಲಿ ಹಾಕ್ತಾರ. ಬಂದಾಕಿ ಹೊಳ್ಳಿ ಹೋಗ್ತಾಳ."

"ಹೋಗ್ಲಿ ಬಿಡು!" ಎಂದಳು ಬೂದೆಮ್ಮ. "ನೋಡು, ದವಾಖಾನಿಯಿಂದ ಬಂದವಳೇ ಹಿತ್ತಲದಾಗ ಮೈ ತೊಳಕೊಂಡು ಒಲಿ ಮುಟ್ಟು. ಆ ಸುದ್ದಿ ಈ ಮನ್ಯಾಗ ಒಂದು ಮಾತೂ ಬ್ಯಾಡ."

"ಆತ್ರಿ."

"ರೊಟ್ಟಿ ಆರಾಕತ್ತದ," ಎಂದ ಅಂಬಣ್ಣ. "ಉಣ್ರಿ ಎಲ್ಲಾರೂ."

ಕರೆಮ್ಮ ಅಂದಿನಿಂದ ಆ ಮಾತನ್ನು ಅಕ್ಷರಶಃ ಪಾಲಿಸಿದಳು. ಮನೆಯಲ್ಲಿ ಅವಳ ದನಿಯೇ ಕಡಿಮೆಯಾಯಿತು.

ಇಮಾಮ್ ಬೀಯ ಮಾತು ಬೂದೆಮ್ಮನಿಗೆ ಅಷ್ಟು ಚುಚ್ಚಿದ್ದಕ್ಕೆ ಓಣಿಯ ಮಂದಿಯ ನಾಚಿಕೆಯೊಂದೇ ಕಾರಣವಲ್ಲ. ಕಡೆಯ ಹೆರಿಗೆಯಾದಾಗಿನಿಂದ ಅವಳಿಗೂ ಅದೇ ಬಾಧೆಯಿತ್ತು. ಹಳೇ ಧೋತರದ ತುಂಡುಗಳನ್ನು ಮಡಿಸಿ ಇಟ್ಟುಕೊಳ್ಳುತ್ತಿದ್ದಳು, ತೊಳೆದು ಸೀರೆಯ ಅಡಿಯಲ್ಲಿ ಮರೆಮಾಡಿ ಒಣಗಿಸುತ್ತಿದ್ದಳು. ಬಸ್ಸು ಹತ್ತುವುದನ್ನೇ ಬಿಟ್ಟಿದ್ದಳು. ಮಗಳು ಸೂಗಮ್ಮನನ್ನು ದೇವದುರ್ಗಕ್ಕೆ ಕೊಟ್ಟಮೇಲೆ ಒಮ್ಮೆಯೂ ಅಲ್ಲಿಗೆ ಹೋಗಿ ಉಳಿದಿರಲಿಲ್ಲ. ಮೊಣಕಾಲು ನೋವೆಂದು ಎಲ್ಲರಿಗೂ ಹೇಳುತ್ತಿದ್ದಳು. ಹೆಣ್ಣಾಗಿ ಹುಟ್ಟಿದಮೇಲೆ ಇದೂ ಒಂದು ಎಂದು ಅವಳು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದಳು. ಈಗ ಅದಕ್ಕೆ ಮದ್ದಿದೆ, ಅದೂ ತನ್ನ ಮನೆಯಲ್ಲೇ ಇದೆ ಎಂದರೆ ಇಷ್ಟು ವರ್ಷದ ಬವಣೆಗೆ ಏನನ್ನಬೇಕು? ಅದನ್ನು ನೆನೆದರೇ ಅವಳಿಗೆ ಸಿಟ್ಟು ಬರುತ್ತಿತ್ತು.

ಬೇಸಿಗೆಯ ಬಿಸಿಲು ಏರುತ್ತಿದ್ದ ಹಾಗೆ ಒಂದು ದಿನ ಅಳಿಯ ಅಯ್ಯಾಳಪ್ಪ ಸೂಗಮ್ಮನನ್ನೂ ಹೊಸ ಕೂಸನ್ನೂ ಒಂದು ಟ್ರಂಕನ್ನೂ ತಂದು ಬಿಟ್ಟ. ಎರಡನೆಯ ಹೆರಿಗೆ ದೇವದುರ್ಗದ ಮನೆಯಲ್ಲೇ ಆಗಿತ್ತು. ಕೂಸು ದೊಡ್ಡದು, ಬಹಳ ಹೊತ್ತು ತೆಗೆದುಕೊಂಡು ಹುಟ್ಟಿತ್ತು. ಮೂರು ವರ್ಷದ ಹಿರಿಮಗಳು ಜೊತೆಗೆ ಬಂದಿರಲಿಲ್ಲ.

"ದೊಡ್ಡಾಕಿ ಎಲ್ಲಪ್ಪಾ?" ಎಂದಳು ಬೂದೆಮ್ಮ.

"ಅವ್ವ ಇಟ್ಟುಕೊಂಡಾಳ್ರಿ. ಇಕಿ ಪೂರಾ ಆರಾಮ ಆಗ್ಲಿ, ಆಮ್ಯಾಲೆ ಕರಸೋದು ನೋಡೋಣು ಅಂದಾಳ."

"ಏನಾಗ್ಯದ ಇಕಿಗೆ?"

ಅಯ್ಯಾಳಪ್ಪ ಒಳ್ಳೆಯವನೇ, ಆದರೆ ತಾಯಿಯ ಎದುರು ಬಾಯಿ ಇಲ್ಲದವನು. ನೆಲ ನೋಡುತ್ತ, "ಅಕೀನ್ನೇ ಕೇಳ್ರಿ ಅತ್ತಿ," ಎಂದು ಊಟಕ್ಕೂ ಕೂಡದೆ ಬಸ್ ಸ್ಟ್ಯಾಂಡಿಗೆ ಹೊರಟುಹೋದ.

ಸೂಗಮ್ಮ ಹಾಸಿಗೆ ಬೇಡವೆಂದು ಗೋಣಿತಟ್ಟಿನ ಮೇಲೆ ಮಲಗಿದಳು. ಎಲ್ಲರೂ ಏಳುವ ಮೊದಲೇ ಎದ್ದು ತನ್ನ ಬಟ್ಟೆ ಒಗೆದಳು. ಬೂದೆಮ್ಮನಿಗೆ ಕೇಳದೆಯೇ ತಿಳಿಯಿತು. ಮಗಳ ಹೊಟ್ಟೆಗೆ ಸೀರೆ ಬಿಗಿದು ಕಟ್ಟಿದಳು, ಬಾಣಂತಿಯರ ಅಂಟಿನುಂಡಿ ತಿನ್ನಿಸಿದಳು, ದೇವಸುಗೂರಿನ ದೇವರಿಗೆ ಹರಕೆ ಹೊತ್ತಳು. ಬಾಯಿಬಿಟ್ಟು ಮಾತ್ರ ಒಂದು ಮಾತೂ ಆಡಲಿಲ್ಲ.

ಒಂದು ಮಧ್ಯಾಹ್ನ ಅಡಿಗೆಮನೆಯಿಂದ ಕರೆಮ್ಮನ ಮೆಲುದನಿ ಕೇಳಿಸಿತು. "ಸೂಗಮ್ಮ, ಕೆಮ್ಮಿದಾಗ ಅಷ್ಟೇನಾ, ಏನು ಸುಮ್ಮ ಕುಂತಾಗೂ ಸೋರ್ತದಾ? ಅಷ್ಟು ಹೇಳು ಸಾಕು."

ಬೂದೆಮ್ಮ ಒಳಗೆ ನುಗ್ಗಿದಳು. "ನನ್ನ ಮಗಳ ಮೈಗೆ ನೀ ಕೈ ಹಚ್ಚಬ್ಯಾಡ! ಊರ ಮಂದಿ ಹೊಲಸು ಮುಟ್ಟಿದ ಕೈ ಅದು!"

ಸೂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಕರೆಮ್ಮ ಹಸನು ಮಾಡುತ್ತಿದ್ದ ಹೆಸರುಕಾಳಿನ ಮೊರವನ್ನು ಕೆಳಗಿಟ್ಟು ಎದ್ದಳು. ಮರುದಿನ ಆಸ್ಪತ್ರೆಗೆ ರಜೆ ಹಾಕಿ, "ಅಪ್ಪನ್ನ ನೋಡಿ ಬರ್ತೀನಿ," ಎಂದು ಮಾನ್ವಿಗೆ ಹೋದಳು. ಕನಕರಾಯ ಬೇಡ ಎನ್ನಲಿಲ್ಲ. ಯಾವಾಗ ಬರ್ತಿ ಎಂದೂ ಕೇಳಲಿಲ್ಲ.

ಕರೆಮ್ಮ ಇಲ್ಲದ ಮನೆಯಲ್ಲಿ ರೊಟ್ಟಿ ಹೊತ್ತಿ ಹೋಗತೊಡಗಿದವು. ಬೂದೆಮ್ಮನಿಗೆ ಒಲೆ, ಕೂಸು, ನೀರು ಎಲ್ಲ ಒಬ್ಬಳಿಗೇ ಬಿತ್ತು. ಕನಕರಾಯ ಡಬ್ಬಿ ತೆಗೆದುಕೊಳ್ಳದೇ ಕೆಲಸಕ್ಕೆ ಹೋಗುತ್ತಿದ್ದ.

ಉರಿಬಿಸಿಲಿನ ಒಂದು ಮಧ್ಯಾಹ್ನ ಅಂಬಣ್ಣ ಉಣ್ಣಲು ಮನೆಗೆ ಬಂದಾಗ ಅಂಗಳದಲ್ಲಿ ಸೂಗಮ್ಮ ಕಣ್ಣು ಕತ್ತಲೆ ಬಂದು ಕುಸಿದಳು. ಅವಳ ತುಟಿ ಒಡೆದಿದ್ದವು. ಅಂಬಣ್ಣ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟವೆಲಿನಿಂದ ಗಾಳಿ ಬೀಸಿದ, ಚರಿಗೆಯ ನೀರು ಬಾಯಿಗೆ ಹಿಡಿದ. ಅವಳು ಮುಖ ಹೊರಳಿಸಿದಳು.

"ಬೂದಿ, ನನ್ನ ಮಗಳು ನೀರು ಯಾಕ ಕುಡಿಯವಲ್ಲಳು?"

ಸೂಗಮ್ಮನೇ ಹೇಳಿದಳು. "ಕುಡದ್ರ ಸೋರ್ತದ ಯಪ್ಪಾ. ವಾಸನಿ ಬರ್ತದ ಅಂತ ಅತ್ತಿ ನನಗ ಬ್ಯಾರೆ ಕುಂದ್ರಸ್ತಿದ್ಲು. ಮಗಳನ್ನೂ ಹತ್ರ ಬಿಡ್ತಿದ್ದಿಲ್ಲ. ಕರೆಮ್ಮ ಕೇಳಾಕ ಬಂದ್ರ ಅಕಿ ಕೈ ಹೊಲಸು ಅಂದ್ಲು ಅವ್ವ."

ಅಂಬಣ್ಣ ಟವೆಲಿನ ತುದಿ ತೋಯಿಸಿ ಮಗಳ ತುಟಿಗೆ ಒತ್ತಿದ. ಆಮೇಲೆ ಹೆಂಡತಿಯನ್ನು ನೋಡಿ ಹೇಳಿದ. "ಜಾಲಹಳ್ಳ್ಯಾಗ ನಮ್ಮಪ್ಪ ಕುರಿ ಕಾಯೋವಾಗ, ಈದ ಕುರಿಗೆ ಗರ್ಭಚೀಲ ಹೊರಗ ಬಂದ್ರ ಬಿಸಿನೀರಿಲೆ ತೊಳದು ತನ್ನ ಕೈಲೇ ಒಳಗ ಕೂಡಸ್ತಿದ್ದ. ಅದೇ ಕೈಲೆ ಉಣ್ತಿದ್ದ, ಅದೇ ಕೈಲೆ ನಮಗ ಉಣಸ್ತಿದ್ದ. ಯಾರೂ ಹೊಲಸು ಅಂದಿಲ್ಲ. ಹೋಗಿ ಸೊಸೀನ ಕರಕೊಂಡು ಬಾ."

"ನೀವೇ ಹೋಗ್ರಿ. ನನಗ ಬಸ್ಸಾಗಂಗಿಲ್ಲ."

"ಆ ಮಾತು ನಾ ಅಂದಿಲ್ಲ. ನೀ ಅಂದಿ. ನೀನೇ ಹೋಗು."

ಮರುದಿನ ಬೂದೆಮ್ಮ ಬೆಳಗಿನಿಂದ ಹನಿ ನೀರು ಮುಟ್ಟದೆ, ಇದ್ದ ಬಟ್ಟೆಯನ್ನೆಲ್ಲ ದಪ್ಪಗೆ ಮಡಿಸಿ ಇಟ್ಟುಕೊಂಡು ಮಾನ್ವಿಯ ಬಸ್ಸು ಹತ್ತಿದಳು. ಹಿಂದಿನ ಸೀಟು ಬಿಟ್ಟರೆ ಜಾಗವಿರಲಿಲ್ಲ. ರಸ್ತೆ ತುಂಬ ತಗ್ಗು. ಬಸ್ಸು ಹಾರಿ ಬಿದ್ದಾಗಲೆಲ್ಲ ಅವಳು ಮುಂದಿನ ಕಂಬಿ ಹಿಡಿದು ಹಲ್ಲು ಕಚ್ಚಿದಳು. ಕಲ್ಲೂರು ದಾಟುವುದರೊಳಗೆ ಮಡಿಸಿದ ಬಟ್ಟೆ ತುಂಬಿಹೋಗಿತ್ತು. ಮಾನ್ವಿಯಲ್ಲಿ ಎಲ್ಲರೂ ಇಳಿಯುವವರೆಗೆ ಕಾದು, ಸೆರಗನ್ನು ಹಿಂದಕ್ಕೆ ಇಳಿಬಿಟ್ಟುಕೊಂಡು ಕೊನೆಗೆ ಇಳಿದಳು.

ಬೀಗರು ಸಡಗರದಿಂದ ಎದ್ದುಬಂದು ಕುರ್ಚಿ ಹಾಕಿದರು. "ಕೂಡ್ರಿ ತಂಗಿ. ಎಷ್ಟು ವರ್ಷ ಆತು ನಮ್ಮನಿಗೆ ಬಂದು!"

"ಇರ್ಲಿ ಬಿಡ್ರಿ ಅಣ್ಣ. ನಿಂತೇ ಇರ್ತೀನಿ."

ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತಳು. ನೀರಿನ ಚರಿಗೆ ಹಿಡಿದು ಬಂದ ಕರೆಮ್ಮ ಅತ್ತೆಯ ಮುಖ ನೋಡಿದಳು, ಗೋಡೆಗೆ ಒತ್ತಿಕೊಂಡ ಮೈ ನೋಡಿದಳು, ಕಾಲ ಬಳಿಯ ಸೀರೆಯ ಅಂಚು ನೋಡಿದಳು. ತಂದೆಯ ಕಡೆ ತಿರುಗಿ, "ಯಪ್ಪಾ, ಅತ್ತಿಗೆ ಎಳೀ ಬದನಿಕಾಯಿ ಸೇರ್ತಾವ, ಬಜಾರಕ್ಕ ಹೋಗಿ ತಗೊಂಡು ಬರ್ತಿಯೇನು?" ಎಂದಳು. ಅವರು ಚೀಲ ಹಿಡಿದು ಹೊರಟ ಮೇಲೆ ಬಾಗಿಲು ಮುಂದಕ್ಕೆ ಮಾಡಿ ಅತ್ತೆಯ ತೋಳು ಹಿಡಿದಳು.

"ಬರ್ರಿ. ಬಚ್ಚಲದಾಗ ನೀರು ಬಿಸಿ ಅದಾವ."

ಬಚ್ಚಲಿನ ಗೂಟಕ್ಕೆ ತನ್ನದೊಂದು ಒಗೆದ ಸೀರೆ, ಲಂಗ, ಮಡಿಸಿದ ಬಿಳಿಬಟ್ಟೆ ಎಲ್ಲ ಹಾಕಿ ಹೊರಗೆ ಹೋದಳು. ಬೂದೆಮ್ಮ ನೀರು ಸುರಿದುಕೊಳ್ಳುವ ಸದ್ದಿನಲ್ಲಿ ಮನಸಾರೆ ಅತ್ತಳು. ಸೊಸೆಯ ಸೀರೆ ಉಟ್ಟು ಈಚೆ ಬಂದಾಗ ಕರೆಮ್ಮ ಅತ್ತೆಯ ಸೀರೆ ಒಗೆದು ಹಿಂಡುತ್ತಿದ್ದಳು.

"ನಿನಗ ಮೊದಲೇ ಗೊತ್ತಿತ್ತೇನು?"

"ಗೊತ್ತಿತ್ರಿ. ಲಗ್ನಾಗಿ ಬಂದ ಹೊಸದಾಗೇ. ಸೀರಿ ಅಡ್ಯಾಗ ಬಟ್ಟಿ ಒಣಹಾಕ್ತಿದ್ರಲ್ಲ."

"ಮತ್ತ ಯಾಕ ಹೇಳ್ಲಿಲ್ಲ?"

"ಅತ್ತಿ ಮುಂದ ಹೆಂಗ ಹೇಳಬೇಕಂತ ಅಂಜಿದ್ದೆ. ಆಮ್ಯಾಲೆ ನೀವು ಆ ಸುದ್ದೀನೇ ಬ್ಯಾಡ ಅಂದ್ರಿ. ನನಗ ಸಿಟ್ಟು ಬಂತು. ಬ್ಯಾಡಂದ್ರ ಬ್ಯಾಡ ಅಂತ ಸುಮ್ಮನಾದೆ." ಕರೆಮ್ಮ ಸೀರೆಯನ್ನು ಹಗ್ಗದ ಮೇಲೆ ಹರವಿದಳು. "ಹಂಗ ಮಾಡಬಾರದಿತ್ತು."

ಬೂದೆಮ್ಮ ಹತ್ತಿರ ಹೋಗಿ ಸೊಸೆಯ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಈ ಕೈಗೆ ನಾ ಹಂಗ ಅನಬಾರದಿತ್ತವ್ವ."

ಕರೆಮ್ಮನ ಕಣ್ಣು ತುಂಬಿದವು. "ಸೂಗಮ್ಮ ನೀರು ಕುಡ್ಯಾಕತ್ತಾಳೇನ್ರಿ?" ಎಂದು ಮಾತ್ರ ಕೇಳಿದಳು.

"ಇಲ್ಲ. ನಿನ್ನೆ ಬಿದ್ಲು."

"ಹಂಗಾದ್ರ ಉಂಡು ಇವತ್ತೇ ಹೋಗೋಣು ನಡೀರಿ."

ರಾಯಚೂರಿಗೆ ಮರಳಿದ ಮೇಲೆ ಮೊದಲು ಡಾಕ್ಟರಮ್ಮ ಸೂಗಮ್ಮನನ್ನು ಪರೀಕ್ಷೆ ಮಾಡಿದರು. ಹೆರಿಗೆಯಲ್ಲಿ ಒಳಗೆ ತೂತು ಬಿದ್ದಿದ್ದರೆ ತನ್ನ ವ್ಯಾಯಾಮದಿಂದ ಏನೂ ಆಗುವುದಿಲ್ಲ, ಆಪರೇಶನ್ನೇ ಬೇಕು ಎಂದು ಕರೆಮ್ಮ ಹೆದರಿದ್ದಳು. ಹಾಗೇನೂ ಆಗಿರಲಿಲ್ಲ. ಮೂತ್ರ ತಡೆದು ಹಿಡಿಯುವ ಮಾಂಸಖಂಡಗಳು ಜಗ್ಗಿ ಸೋತಿದ್ದವು ಅಷ್ಟೆ. ಸೂಗಮ್ಮನ ನಂತರ ಬೂದೆಮ್ಮನೂ ಆ ಸಣ್ಣ ಕೋಣೆಯ ಪರದೆಯ ಹಿಂದೆ ಮಲಗಿದಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

"ಮುಖ ಬಿಗಿ ಮಾಡಿದ್ರ ಏನೂ ಆಗಂಗಿಲ್ರಿ ಅತ್ತಿ," ಎಂದಳು ಕರೆಮ್ಮ. "ಒಂದಕ್ಕ ಅವಸರಾದಾಗ ಹೆಂಗ ತಡೀತೀರಿ, ಹಂಗ ಒಳಗ ಮ್ಯಾಲಕ್ಕ ಎಳೀರಿ. ಉಸಿರು ಹಿಡೀಬ್ಯಾಡ್ರಿ. ಹಾಂ, ಈಗ ಬಿಡ್ರಿ."

"ಎಷ್ಟು ದಿನಕ್ಕ ಹೋಗ್ತದ?"

"ದಿನದ ಮಾತಲ್ರಿ, ತಿಂಗಳುಗಟ್ಟಲೆ ಮಾಡಬೇಕು. ಪೂರಾ ಹೋಗ್ತದಂತ ನಾ ಹೇಳಂಗಿಲ್ಲ. ಕಡಿಮಿ ಆಗ್ತದ. ಮತ್ತ, ನೀರು ಕುಡ್ಯೋದು ಬಿಡೋ ಹಂಗಿಲ್ಲ."

ಆಮೇಲೆ ಅಡಿಗೆಮನೆಯೇ ವ್ಯಾಯಾಮದ ಜಾಗವಾಯಿತು. ರೊಟ್ಟಿಯ ಒಂದು ಮಗ್ಗುಲು ಬೇಯುವವರೆಗೆ ಹಿಡಿಯುವುದು, ತಿರುವಿ ಹಾಕಿದಾಗ ಬಿಡುವುದು. ಸೂಗಮ್ಮನಿಗೆ ಬೇಗ ತಿಳಿಯಿತು. ಬೂದೆಮ್ಮ ಮಾತ್ರ ಗೊಣಗುತ್ತಿದ್ದಳು.

"ನಾ ಏನು ಹಿಡದೀನೋ ನನಗೇ ತಿಳಿಯವಲ್ದು. ಬರೇ ರೊಟ್ಟಿ ಕೆಡಸಾಕತ್ತೀನಿ."

"ಯವ್ವಾ, ನೀ ಹುಬ್ಬು ಹಿಡದಿ!" ಎಂದು ಸೂಗಮ್ಮ ನಕ್ಕಳು. ಬಂದಾಗಿನಿಂದ ಅವಳು ನಕ್ಕದ್ದು ಅದೇ ಮೊದಲು. ಮೂವರೂ ಗೊಳ್ಳೆಂದು ನಗುವುದು ಕೇಳಿ ಕನಕರಾಯ ಬಾಗಿಲಲ್ಲಿ ಇಣುಕಿ, ಏನೂ ತಿಳಿಯದೆ ಹಿಂದೆ ಸರಿದ.

ಕನಕರಾಯ ದಾರಿಗೆ ಬಂದದ್ದು ಬೇರೆ ರೀತಿಯಲ್ಲಿ. ಪ್ಲಾಂಟಿನಲ್ಲಿ ಅವನ ಜೊತೆಗಿದ್ದ ಮೆಹಬೂಬ್ ಪಾಷಾ ಒಂದು ದಿನ ಅವನನ್ನು ಪಕ್ಕಕ್ಕೆ ಕರೆದ. ಈಗ ನಗೆಯಾಡುತ್ತಾನೆ ಎಂದೇ ಕನಕರಾಯ ಮೈ ಬಿಗಿ ಮಾಡಿಕೊಂಡಿದ್ದ. ಪಾಷಾ ತಲೆ ತಗ್ಗಿಸಿ ಹೆಂಡತಿಯ ಕಷ್ಟ ಹೇಳಿಕೊಂಡ. ಸಂಜೆ ಮನೆಗೆ ಬಂದ ಕನಕರಾಯ ಚಹಾ ಕುಡಿಯುತ್ತ ಗೋಡೆಗೆ ಹೇಳಿದಂತೆ ಹೆಂಡತಿಗೆ ಹೇಳಿದ.

"ನಾಳೆ ಪಾಷಾನ ಹೆಂಡ್ತಿ ಬರ್ತಾಳ. ಚೊಲೋತ್ನಾಗ ನೋಡು."

"ಕೈಕಾಲಿನ ಕೆಲಸ ಅಷ್ಟೇ ಮಾಡಂದಿದ್ರಲ್ಲ?"

"ಅಂದಿದ್ದೆ," ಎಂದ ಅವನು. ಕಪ್ಪನ್ನು ಕೆಳಗಿಟ್ಟು, "ಪಾಷಾ ಅಳಾಕತ್ತಿದ್ದ ಕರೆಮ್ಮ," ಎಂದ.

ಶ್ರಾವಣ ಮುಗಿಯುವ ಹೊತ್ತಿಗೆ ಸೂಗಮ್ಮನ ಮೈ ಹಿಡಿತಕ್ಕೆ ಬಂದಿತ್ತು. ಜೋರಾಗಿ ಸೀನಿದರೆ ಮಾತ್ರ ಒಂದಿಷ್ಟು. ಬೂದೆಮ್ಮನಿಗೆ ಅರ್ಧಕ್ಕರ್ಧ ಕಡಿಮೆಯಾಗಿತ್ತು. ದೇವದುರ್ಗದಿಂದ ಕರೆ ಬರಲಿಲ್ಲ. ಅಯ್ಯಾಳಪ್ಪನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ನಡೆದಿದೆ ಎಂಬ ಸುದ್ದಿ ಕಂಬಳಿ ಅಂಗಡಿಗೆ ಬಂದ ಗಿರಾಕಿಯೊಬ್ಬನಿಂದ ಅಂಬಣ್ಣನ ಕಿವಿಗೆ ಬಿತ್ತು. ಬೂದೆಮ್ಮ ತಡಮಾಡಲಿಲ್ಲ. ಮಗಳ ಟ್ರಂಕು ಕಟ್ಟಿಸಿದಳು.

"ನಾನೂ ಬರ್ಲೇನ್ರಿ?" ಎಂದಳು ಕರೆಮ್ಮ.

"ನೀ ಬ್ಯಾಡ. ನಿನ್ನ ಮುಂದ ಹೂಂ ಅಂತಾರ, ಹಿಂದ ನಗ್ತಾರ. ಬೀಗ್ತಿ ಕೂಡ ನಾ ಮಾತಾಡ್ತೀನಿ."

ದೇವದುರ್ಗದ ಮನೆಯಲ್ಲಿ ಬೀಗತಿ ಮಾಳಮ್ಮ ನಾಲ್ಕಾರು ಹೆಂಗಸರೊಂದಿಗೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಜಾಲಹಳ್ಳಿಯಿಂದ ಬಂದ ಅವಳ ಅಕ್ಕನೂ ಗೋಡೆಗೆ ಒರಗಿಕೊಂಡಿದ್ದಳು. ಹಿರಿಮಗಳು ತಾಯಿಯನ್ನು ಕಂಡು ಅಜ್ಜಿಯ ಬೆನ್ನಹಿಂದೆ ಅಡಗಿದಳು. ಸೂಗಮ್ಮ ಚಾಚಿದ ಕೈಯನ್ನು ಹಾಗೇ ಇಳಿಸಿದಳು.

"ಆರಾಮ ಆಗ್ಯಾಳೇನು?" ಎಂದಳು ಮಾಳಮ್ಮ.

"ಆಗಾಕತ್ತಾಳ."

"ಆಗಾಕತ್ತಾಳ ಅಂದ್ರ? ಮತ್ತ ಮನಿ ತುಂಬ ವಾಸನಿ ಮಾಡಾಕ ಕರಕೊಂಡು ಬಂದೀಯೇನು? ಸೂಗಮ್ಮ, ಆ ಕೊಡ ತಗೊಂಡು ಹೋಗಿ ನೀರು ತುಂಬಿಕೊಂಡು ಬಾ. ಇವರೆಲ್ಲ ನೋಡ್ಲಿ."

ಸೂಗಮ್ಮ ಕೊಡಕ್ಕೆ ಕೈ ಹಾಕಿದಳು. ಬೂದೆಮ್ಮ ಎದ್ದು ಕೊಡವನ್ನು ಮಗಳಿಂದ ಕಿತ್ತುಕೊಂಡಳು.

"ಅಕೀನ ಯಾಕ ನೋಡ್ತೀರಿ? ನನ್ನ ನೋಡ್ರಿ. ಇಕೀನ ಹಡದಾಗಿಂದ ನಾ ಸೋರಿಸಿಕೋತ ಬದುಕೀನಿ. ರೊಟ್ಟಿ ಬಡದೀನಿ, ಕಂಬಳಿ ತೊಳದೀನಿ, ಮಕ್ಕಳ ಲಗ್ನ ಮಾಡೀನಿ. ನನ್ನ ಗಂಡ ನನಗ ಒಂದಿನ ಬ್ಯಾರೆ ಕುಂದ್ರಿಸಿಲ್ಲ."

ಯಾರೂ ಶೇಂಗಾ ಒಡೆಯಲಿಲ್ಲ. ಬೂದೆಮ್ಮ ಬೀದಿಗೆ ಇಳಿದು ಬಾವಿಗೆ ಹೋದಳು, ಸೇದಿ ತುಂಬಿ ಕೊಡವನ್ನು ಟೊಂಕದ ಮೇಲೆ ಹೊತ್ತು ತಂದು ಬೀಗತಿಯ ಮುಂದೆ ಇಳಿಸಿದಳು. ಏದುಸಿರು ಬಿಡುತ್ತಿದ್ದಳು.

"ಒಂದೀಟು ಸೋರೇದ. ಮೊದಲಾಗಿದ್ರ ಸೀರ್ಯೆಲ್ಲ ತೊಯ್ತಿತ್ತು. ನನ್ನ ಸೊಸಿ ಕಲಿಸ್ಯಾಳ. ನಿನ್ನ ಸೊಸಿ ನನಗಿಂತ ಚೊಲೋ ಆಗ್ಯಾಳ. ಬ್ಯಾಡಂದ್ರ ಈಗೇ ಹೇಳು ಬೀಗ್ತಿ. ಇಬ್ಬರೂ ಮಕ್ಕಳ ಸಮೇತ ಕರಕೊಂಡು ಹೋಗ್ತೀನಿ."

ಗೋಡೆಗೆ ಒರಗಿದ್ದ ಮಾಳಮ್ಮನ ಅಕ್ಕ ಮೆಲ್ಲಗೆ ಕೇಳಿದಳು. "ಬೂದವ್ವ, ನಿನ್ನ ಸೊಸಿ ನನ್ನಂಥ ಮುದುಕೇರನ್ನೂ ನೋಡ್ತಾಳೇನು?"

ಮಾಳಮ್ಮ ಅಕ್ಕನ ಕಡೆ ಥಟ್ಟನೆ ತಿರುಗಿದಳು. ಅಷ್ಟರಲ್ಲಿ ಅಂಗಳದಲ್ಲಿ ನಿಂತು ಎಲ್ಲ ಕೇಳಿದ್ದ ಅಯ್ಯಾಳಪ್ಪ ಒಳಗೆ ಬಂದ. ತಾಯಿಯನ್ನು ಕೇಳಲಿಲ್ಲ, ಬಾಗಿಲ ಬಳಿಯಿದ್ದ ಟ್ರಂಕನ್ನು ಎತ್ತಿ ಹೆಗಲಿಗಿಟ್ಟುಕೊಂಡು ತನ್ನ ಕೋಣೆಗೆ ಹೋದ. ಹಿರಿಮಗಳು ಅಜ್ಜಿಯ ಬೆನ್ನು ಬಿಟ್ಟು ಮೆಲ್ಲಗೆ ಬಂದು ಕೂಸಿನ ಕಾಲು ಮುಟ್ಟಿ ನೋಡಿದಳು. ಸೂಗಮ್ಮ ಇಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡಳು.

ಮಾಳಮ್ಮ ಎದ್ದು ಸೆರಗು ಝಾಡಿಸಿದಳು. "ಸೂಗಮ್ಮ, ಅನ್ನಕ್ಕಿಡು. ನಿಮ್ಮವ್ವ ಉಂಡು ಹೋಗ್ತಾಳ," ಎಂದಳು.

ದಸರೆ ಕಳೆದ ಮೇಲೆ ಮಾಳಮ್ಮ ಅಕ್ಕನನ್ನು ಕರೆದುಕೊಂಡು ರಾಯಚೂರಿಗೆ ಬಂದಳು. "ಅಕ್ಕನ ಸಲುವಾಗಿ ಬಂದೀನಿ," ಎಂದು ಬಾಗಿಲಲ್ಲೇ ಹೇಳಿದಳು. ಬೂದೆಮ್ಮ ಏನೂ ಕೇಳದೆ ಇಬ್ಬರಿಗೂ ರೊಟ್ಟಿ ಬಡಿಸಿ ಆಸ್ಪತ್ರೆಗೆ ಕರೆದೊಯ್ದಳು. ಕೋಣೆಯ ಹೊರಗೆ ಉದ್ದನೆಯ ಬೆಂಚಿತ್ತು. ಅಕ್ಕ ಒಳಗೆ ಹೋಗಿ ಹೊರಗೆ ಬಂದಳು. ಕರೆಮ್ಮ ಪರದೆ ಸರಿಸಿ, "ಮುಂದಿನವರು ಬರ್ರಿ," ಎಂದಾಗ ಮಾಳಮ್ಮ ಯಾರ ಮುಖವನ್ನೂ ನೋಡದೆ ಎದ್ದು ಒಳಗೆ ಹೋದಳು.

ಬೆಂಚಿನ ತುದಿಯಲ್ಲಿ ಗುಂಜಹಳ್ಳಿಯ ಕಡೆಯ ಎಳೆಯ ಬಾಣಂತಿಯೊಬ್ಬಳು ಕೂಸು ಹಿಡಿದು ಕುಳಿತಿದ್ದಳು. ತನ್ನ ಸರದಿ ಹತ್ತಿರ ಬಂದಂತೆ ಸೆರಗು ಬಿಗಿದುಕೊಂಡು ಎದ್ದು ನಿಂತಳು.

"ಎಲ್ಲಿಗೆ ಹೊಂಟಿ ತಂಗಿ?"

"ಇನ್ನೊಮ್ಮಿ ಬರ್ತೀನ್ರಿ. ನನಗ... ಒಳಗ ಏನು ಮಾಡ್ತಾರೋ ಏನೋ."

ಬೂದೆಮ್ಮ ಕೈ ಚಾಚಿ ಕೂಸನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. "ಕೂಡು. ಒಳಗಿರಾಕಿ ನನ್ನ ಸೊಸಿ. ನಾನೂ ಅಕಿ ಕಡೇನೇ ತೋರಿಸ್ಕೋತೀನಿ."

ಹುಡುಗಿ ಅಳುಕುತ್ತ ಕುಳಿತಳು. ಅತ್ತಿತ್ತ ನೋಡಿ ದನಿ ತಗ್ಗಿಸಿ ಕೇಳಿದಳು. "ನಿಮಗೂ ಹಿಂಗೇ ಆಗಿತ್ತೇನ್ರಿ?"

"ಆಗಿತ್ತು ತಂಗಿ," ಎಂದು ಬೂದೆಮ್ಮ ಕೂಸಿನ ಕುಲಾಯಿ ಸರಿಮಾಡುತ್ತ ಮೊದಲಿನಿಂದ ಹೇಳತೊಡಗಿದಳು.